ಕುಂಬಳದ ಗಾತ್ರ ಹೇಳುವ ದಂಡಿನ ಕಥೆ

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಬೂದುಗುಂಬಳದ ಮೈಮೇಲಿನ ಬಿಳಿಪುಡಿ ಹೆಗಲಿಗೆ ಅಂಟುತ್ತದೆ. ಕಾಯಿ ಹೆಗಲ ಮೇಲೆ ಹೊರುವಷ್ಟು ದೊಡ್ಡದೆಂಬುದೂ ಆ ಮಾತಿನಲ್ಲೇ ಅಡಗಿದೆ. ಬೂದುಗುಂಬಳ ಏಷ್ಯಾದ ಹಳೆಯ ಬೆಳೆ. ಸಿಹಿಗುಂಬಳದ ತವರು ಮಾತ್ರ ಅಮೆರಿಕ ಖಂಡ.

ಈ ಸಿಹಿಗುಂಬಳದ ಬಳಗದಲ್ಲೇ ದೈತ್ಯರಿದ್ದಾರೆ. 2023ರಲ್ಲಿ ಅಮೆರಿಕದಲ್ಲಿ ತೂಗಿದ ಒಂದು ಕಾಯಿ 1,246 ಕಿಲೋ ದಾಟಿತ್ತು. ಅದರ ಹಿಂದೆ ಮಾಯಮಂತ್ರವಿಲ್ಲ. ಒಳ್ಳೆಯ ಬೀಜ ಆರಿಸಬೇಕು. ಬೆಳಗಿನ ಹೊತ್ತು ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಾರೆ ಮುಟ್ಟಿಸಬೇಕು. ಬಳ್ಳಿಯಲ್ಲಿ ಒಂದೇ ಕಾಯಿ ಉಳಿಸಿ, ಗೆಣ್ಣುಗಳಿಗೆ ಮಣ್ಣು ಮುಚ್ಚಿ ಅಲ್ಲಿಯೂ ಬೇರು ಬಿಡಿಸಬೇಕು. ಕುಂಬಳದ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಹಾಗಾಗಿ ದೊಡ್ಡ ಕಾಯಿಯ ಪ್ರಶ್ನೆ ಕೊನೆಗೆ ನೆಲ ಮತ್ತು ನೀರಿನ ಪ್ರಶ್ನೆ. ಬೆಂಗಳೂರಿನ ದಂಡು ಪ್ರದೇಶದ ಚರಿತ್ರೆಯನ್ನು ಈ ದೃಷ್ಟಿಯಿಂದಲೂ ನೋಡಬಹುದು.

ಹಲಸೂರಿನ ಬಳಿ 1809ರಲ್ಲಿ ದಂಡು ನೆಲೆಸಿತು. ವಿಶಾಲವಾದ ಕಾಂಪೌಂಡಿನ ಬಂಗಲೆಗಳು ಎದ್ದವು, ಅವುಗಳ ಹಿಂದೆ ಕಾಯಿಪಲ್ಲೆಯ ತೋಟಗಳು ಬಂದವು. ಸೀಮೆಯ ತರಕಾರಿಗಳಿಗೆ ಬೇಡಿಕೆ ಬೆಳೆಯಿತು. 1874ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಾನ್ ಕ್ಯಾಮರೂನ್ ಹಲವು ಹೊಸ ಬೆಳೆಗಳನ್ನು ಇಲ್ಲಿ ರೂಢಿಗೆ ತಂದರು. ಅವುಗಳಲ್ಲಿ ಸೀಮೆಬದನೆಯೂ ಒಂದು. ಹೆಸರು ಬದನೆಯಾದರೂ ಅದು ಕುಂಬಳದ ವಂಶದ ಬಳ್ಳಿ. ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಕಾಯಿಯೊಳಗೆ ಒಂದೇ ಬೀಜ, ಅದು ಒಳಗೇ ಮೊಳೆಯುವುದರಿಂದ ಇಡೀ ಕಾಯನ್ನೇ ನೆಡುತ್ತಾರೆ. ಈ ಪರದೇಶಿ ಬಳ್ಳಿ ಇಲ್ಲಿ ಎಷ್ಟು ಒಗ್ಗಿತೆಂದರೆ ತಮಿಳರು ಅದನ್ನು ‘ಬೆಂಗಳೂರು ಕತ್ತರಿಕ್ಕಾಯ್’ ಎಂದೇ ಕರೆದರು.

ಇಲ್ಲಿ ಕ್ಯಾಮರೂನರ ಹೆಸರು ಉಳಿದಿದೆ. ಆದರೆ ಊರಿಗೆ ತರಕಾರಿ ಬೆಳೆದುಕೊಟ್ಟವರಲ್ಲಿ ಪ್ರಮುಖರು ತಿಗಳರು. ಪೇಟೆಗೂ ದಂಡಿಗೂ ನಡುವೆ ಇದ್ದ ಸಂಪಂಗಿ ಕೆರೆಯ ನೀರು ಅವರ ತೋಟಗಳ ಜೀವಾಳವಾಗಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದ ಮೇಲೆ ಊರಿಗೆ ಕೆರೆಯ ಅಗತ್ಯ ಕಡಿಮೆಯಾಯಿತು. ಕೆರೆಯಂಗಳ ಒಣಗಿರಲಿ ಎಂಬುದು ಪೋಲೋ ಆಟಗಾರರ ಅಪೇಕ್ಷೆ, ನೀರು ನಿಲ್ಲಲಿ ಎಂಬುದು ತೋಟಗಾರರ ಮೊರೆ. ಗೆದ್ದದ್ದು ಮೈದಾನ. ಇಂದು ಅಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆಯ ನೆನಪಿಗೆ ಕರಗದ ವಿಧಿಗೆ ಬೇಕಾದ ಚಿಕ್ಕ ಕೊಳವೊಂದು ಉಳಿದಿದೆ.

1949ರಲ್ಲಿ ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯ ಆಡಳಿತಕ್ಕೆ ಬಂದವು. ಪೂರ್ವಕ್ಕೆ ಇಂದಿರಾನಗರದಂಥ ಬಡಾವಣೆಗಳು ಹರಡಿದವು. ಹಳೆಯ ಬಂಗಲೆಗಳ ಕಾಂಪೌಂಡುಗಳು ಒಡೆದು ಕಟ್ಟಡಗಳಾದವು. ದೈತ್ಯ ಕುಂಬಳದ ಬಳ್ಳಿಯೊಂದು ಹಬ್ಬಲು ನೂರಾರು ಚದರಡಿ ಬೇಕು. 30×40 ನಿವೇಶನದ ಒಟ್ಟು ವಿಸ್ತೀರ್ಣವೇ 1,200 ಚದರಡಿ! ಕಾಯಿಯೂ ಚಿಕ್ಕದಾಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಚಂದನ್’ ಎರಡು ಮೂರು ಕಿಲೋ ತೂಗಿದರೆ, ‘ಅರ್ಕಾ ಸೂರ್ಯಮುಖಿ’ ಸುಮಾರು ಒಂದು ಕಿಲೋ. ಪುಟ್ಟ ಸಂಸಾರಕ್ಕೆ ಅಷ್ಟೇ ಸಾಕು.

ದೊಡ್ಡ ಕಾಯಿ ಕಂಡಾಗ ನಾವು ಬೆಳೆದವರ ಕೈಗುಣವನ್ನು ಹೊಗಳುತ್ತೇವೆ. ತಿಗಳರಿಗೆ ಆ ಕೈಗುಣ ಇದ್ದೇ ಇತ್ತು. ಅವರ ಕೈತಪ್ಪಿದ್ದು ಕೆರೆಯ ನೀರು.