ಸೇಡಂ ರಸ್ತೆಯ ಗ್ರಂಥಾಲಯ ಮತ್ತು ಕಲಬುರಗಿಯ ವಿಜ್ಞಾನ ಪರಂಪರೆ

ಕಲಬುರಗಿಯಿಂದ ಪೂರ್ವಕ್ಕೆ ಸಾಗುವ ಸೇಡಂ ರಸ್ತೆಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವಿದ್ದು, 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭಗೊಂಡ ಈ ಸಂಸ್ಥೆ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ನಗರದಲ್ಲಿ 1984ರಲ್ಲಿ ಸ್ಥಾಪನೆಯಾದ ಜಿಲ್ಲಾ ವಿಜ್ಞಾನ ಕೇಂದ್ರವು ಮಾದರಿಗಳನ್ನು ಮುಟ್ಟಿ, ತಿರುಗಿಸಿ ವಿಜ್ಞಾನದ ತತ್ತ್ವಗಳನ್ನು ಅರಿಯಲು ಅವಕಾಶ ಕೊಟ್ಟರೆ, ವಿಶ್ವವಿದ್ಯಾಲಯದ ಗ್ರಂಥಾಲಯದ ಪ್ರದರ್ಶನಕ್ಕೆ ಹೊಂದುವ ಕ್ರಮವೇ ಬೇರೆ: ಒಂದು ಕಲ್ಲನ್ನೋ ಕಮಲಾಪುರದ ಕೆಂಪು ಬಾಳೆಯ ಗೊನೆಯನ್ನೋ ಅದನ್ನು ಕುರಿತ ಗ್ರಂಥದ ತೆರೆದ ಪುಟದ ಪಕ್ಕದಲ್ಲಿಟ್ಟು, ಆ ವಸ್ತುವನ್ನು ಯಾವ ಕಾಲದವರು ಯಾವ ಭಾಷೆಯಲ್ಲಿ ಹೇಗೆ ಅರಿತರೆಂಬುದನ್ನು ಅದು ತೋರಿಸಬಲ್ಲದು. ಸಂಸ್ಕೃತ, ಕನ್ನಡ, ಪರ್ಷಿಯನ್ ಮತ್ತು ಇಂಗ್ಲಿಷ್ ಬರಹಗಳಲ್ಲಿ ಹಂಚಿಹೋಗಿರುವ ಕಲಬುರಗಿ ಸೀಮೆಯ ವಿಜ್ಞಾನ ಚರಿತ್ರೆಗೆ ಈ ಕ್ರಮವೇ ಹೆಚ್ಚು ಒಗ್ಗುತ್ತದೆ.

ಇಂತಹ ಪ್ರದರ್ಶನದ ಮೊದಲ ವಸ್ತು ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದಿನ ಪರಸಿಯಾಗಬಹುದು. ಪ್ರಾಚೀನ ಸಮುದ್ರದ ತಳದಲ್ಲಿ ಪದರಪದರವಾಗಿ ಸಂಚಯಗೊಂಡ ಈ ಸುಣ್ಣಕಲ್ಲನ್ನು ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಪದರಗಳ ನಡುವೆ ಸುಲಭವಾಗಿ ಬಿಡಿಸಿಕೊಳ್ಳುವುದರಿಂದಲೇ ಅದು ಹಾಸುಗಲ್ಲಾಯಿತು. ಅದಾದ ಬಹುಕಾಲದ ಮೇಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖ್ಖನ್ನಿನಲ್ಲಿ ಹರಿದ ಲಾವಾ ಗಟ್ಟಿಗೊಂಡು ಕಪ್ಪುಶಿಲೆಯಾಗಿ, ಅದು ಶಿಥಿಲಗೊಂಡು ಉಂಟಾದ ಎರೆಭೂಮಿಯಲ್ಲಿ ಇಂದು ತೊಗರಿ ಬೆಳೆಯುತ್ತದೆ. ಹಿಂದೆ ಗುಲಬರ್ಗಾ ಜಿಲ್ಲೆಯಲ್ಲಿದ್ದು ಈಗ ಯಾದಗಿರಿಗೆ ಸೇರಿರುವ ಇಸಾಂಪುರದಲ್ಲಿ, ಇದೇ ಭೀಮಾ ಸಮೂಹದ ಸುಣ್ಣಕಲ್ಲನ್ನು ಒಡೆದು ಕೈಗೊಡಲಿಗಳನ್ನು ಮಾಡಿದ ಆದಿಮಾನವರ ನೆಲೆಯನ್ನು ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಉತ್ಖನನ ಮಾಡಿದ್ದು, ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜಿಸಲಾಗಿದೆ.

ಸೇಡಂ ರಸ್ತೆಯಲ್ಲಿ ಮುಂದೆ ಕಾಗಿಣಾ ನದಿಯ ದಡದಲ್ಲಿ ಸಿಗುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಜೈನ ಗಣಿತಜ್ಞ ಮಹಾವೀರಾಚಾರ್ಯನು ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಆರಂಭದಲ್ಲೇ ಸ್ತುತಿಸುತ್ತದೆ. ಖಗೋಳದ ಅಧ್ಯಾಯವಾಗಿ ಅಡಕವಾಗದೆ ಗಣಿತಕ್ಕಷ್ಟೇ ಮೀಸಲಾದ ಈ ಕೃತಿಯಲ್ಲಿ, ಋಣಸಂಖ್ಯೆ, ಎಂದರೆ ಸೊನ್ನೆಗಿಂತ ಕಡಿಮೆಯಾದ ಸಂಖ್ಯೆ, ಯಾವುದರ ವರ್ಗವೂ ಅಲ್ಲದ ಕಾರಣ ಅದಕ್ಕೆ ವರ್ಗಮೂಲವಿಲ್ಲವೆಂಬ ನಿರ್ಣಯವಿದೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ದ ಮೂಲಕ ಲೆಕ್ಕದ ಶಾಸ್ತ್ರವನ್ನು ಕನ್ನಡಕ್ಕೆ ತಂದನು, ಮಹಾವೀರಾಚಾರ್ಯನ ಕೃತಿಯನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು.

ಕಲಬುರಗಿಯನ್ನು ರಾಜಧಾನಿಯಾಗಿಸಿಕೊಂಡು 1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜ್ ಶಹಾ ಖಗೋಳ ವಿಜ್ಞಾನದಲ್ಲಿ ಆಸಕ್ತನಾಗಿದ್ದು, 1407ರಲ್ಲಿ ದೌಲತಾಬಾದ್ ಬಳಿಯ ಬೆಟ್ಟದ ಮೇಲೆ ವೀಕ್ಷಣಾಲಯವೊಂದನ್ನು, ಎಂದರೆ ಗ್ರಹನಕ್ಷತ್ರಗಳ ಚಲನೆಯನ್ನು ಅಳೆಯುವ ಕಟ್ಟಡವನ್ನು, ಕಟ್ಟಿಸಲು ತೊಡಗಿದನು. ಆದರೆ ಆ ಕೆಲಸ ವಹಿಸಿಕೊಂಡಿದ್ದ ಹಕೀಮ್ ಹಸನ್ ಗಿಲಾನಿ ತೀರಿಕೊಂಡದ್ದರಿಂದ ಅದು ಅರ್ಧಕ್ಕೇ ನಿಂತಿತು. ಫಿರೋಜನ ಗೋರಿ ಇಂದಿಗೂ ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿದೆ, ಆದರೆ ಅವನ ವೀಕ್ಷಣಾಲಯದ ಕಥೆ ಉಳಿದಿರುವುದು ಎರಡು ಶತಮಾನಗಳ ನಂತರ ವಿಜಯಪುರದ ಆದಿಲಶಾಹಿ ಆಸ್ಥಾನದಲ್ಲಿದ್ದ ಫೆರಿಸ್ತಾ ಪರ್ಷಿಯನ್ ಭಾಷೆಯಲ್ಲಿ ಬರೆದ ಇತಿಹಾಸದ ಪುಟಗಳಲ್ಲಿ. ಪೂರ್ತಿಯಾಗದ ಕಟ್ಟಡದಿಂದ ವಸ್ತುಸಂಗ್ರಹಾಲಯಕ್ಕೆ ಒಯ್ಯುವಂಥದ್ದೇನೂ ಇಲ್ಲದಿದ್ದರೂ, ಆ ಪುಟವನ್ನು ತೆರೆದಿಡುವ ಗ್ರಂಥಾಲಯವು ಅದನ್ನೂ ಪ್ರದರ್ಶಿಸಬಲ್ಲದು.