ಹರಿದ ಪತ್ರ: ಮಿತಾಕ್ಷರೆಯಲ್ಲಿ ಕರಾರಿನ ರದ್ದತಿ

ಅಕ್ಕಿಆಲೂರು, ಹಾನಗಲ್ಲುಗಳ ಸುತ್ತಣ ನಾಡು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಪಾನುಂಗಲ್ಲು-ಐನೂರು ಎನಿಸಿತ್ತು. ಇಂತಹ ನಾಡುಗಳ ಶಾಸನಗಳು ಬಹುಮಟ್ಟಿಗೆ ದತ್ತಿಗಳನ್ನೂ ವೀರಮರಣಗಳನ್ನೂ ಹೇಳುತ್ತವೆ. ಜನರು ತಮ್ಮೊಳಗೆ ಮಾಡಿಕೊಂಡ ಸಾಲದ ಕರಾರುಗಳು ಅವುಗಳಲ್ಲಿ ಅಪರೂಪ. ಇದರಿಂದ ಆ ವ್ಯವಹಾರವೇ ವಿರಳವಾಗಿತ್ತೆಂದು ಊಹಿಸುವುದು ಸರಿಯಲ್ಲ.

ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರಾ ವ್ಯಾಖ್ಯೆಯ ವ್ಯವಹಾರಾಧ್ಯಾಯದಲ್ಲಿ ಒಂದು ಕಾರಣ ದೊರೆಯುತ್ತದೆ. ಸಾಲ ಪಡೆದವನು ಆಗಾಗ ತೀರಿಸಿದ ಹಣವನ್ನು ಪತ್ರದ ಹಿಂಬದಿಯಲ್ಲಿ ಬರೆಯತಕ್ಕದ್ದು. ಪೂರ್ಣವಾಗಿ ತೀರಿದೊಡನೆ ಪತ್ರವನ್ನೇ ಹರಿಯಬೇಕು, ಇಲ್ಲವೆ ಋಣಶುದ್ಧಿಗಾಗಿ ಬೇರೊಂದನ್ನು ಬರೆಯಿಸಬೇಕು. ಕ್ರಮವಾಗಿ ಮುಗಿದ ಕರಾರು ಗ್ರಂಥಭಂಡಾರವನ್ನು ಸೇರುವ ಸಂಭವವೇ ಕಡಿಮೆ. ಹರಿದ ಪತ್ರವೊಂದು ದೊರೆತರೂ ಸಾಲ ತೀರಿತೆಂದು ಅವಸರದಿಂದ ನಿರ್ಣಯಿಸಲಾಗದು. ಆಕಸ್ಮಿಕವಾಗಿ ಹರಿದ, ಸುಟ್ಟ, ಅಳಿಸಿಹೋದ ಪತ್ರಕ್ಕೆ ಬದಲಾಗಿ ಹೊಸತನ್ನು ಬರೆಯಿಸಲು ಅದೇ ಗ್ರಂಥ ಅವಕಾಶವಿತ್ತಿದೆ.

ತೀರದೆಯೇ ರದ್ದಾಗುವ ಕರಾರುಗಳೂ ಉಂಟು. ಸ್ವಹಸ್ತದ ಪತ್ರವು ಸಾಕ್ಷಿಗಳಿಲ್ಲದೆಯೂ ಪ್ರಮಾಣ; ಬಲಾತ್ಕಾರದಿಂದಲೋ ವಂಚನೆಯಿಂದಲೋ ಆದದ್ದು ಮಾತ್ರ ಅಪ್ರಮಾಣ. ಮತ್ತನು, ಉನ್ಮತ್ತನು, ರೋಗಪೀಡಿತನು, ಬಾಲಕನು, ಭಯಗೊಂಡವನು ಮಾಡಿದ ವ್ಯವಹಾರವೂ ಸಿದ್ಧಿಸದು. ಅಕ್ಷರವರಿಯದ ಬಡ ಒಕ್ಕಲಿಗನಿಗೆ ಇದ್ದ ರಕ್ಷೆ ಇದು. ಲಿಪಿಕಾರನ ಅಂದವಾದ ಬರಹಕ್ಕೆ ಇಲ್ಲಿ ಬೆಲೆಯಿಲ್ಲ.

ಈಗಿನ ಕ್ರಮ ಬೇರೆ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 31ನೆಯ ಪ್ರಕರಣದಂತೆ ನ್ಯಾಯಾಲಯವು ನೋಂದಾಯಿತ ಪತ್ರವನ್ನು ರದ್ದುಗೊಳಿಸಿದರೆ ಡಿಕ್ರಿಯ ಪ್ರತಿ ನೋಂದಣಾಧಿಕಾರಿಗೆ ಹೋಗುತ್ತದೆ. ಆತನು ತನ್ನ ಪುಸ್ತಕದಲ್ಲಿರುವ ನಕಲಿನ ಮೇಲೆ ರದ್ದತಿಯನ್ನು ಬರೆದಿಡುತ್ತಾನೆ, ನಕಲನ್ನು ಹರಿಯುವುದಿಲ್ಲ.