ವೃಷಭಾವತಿಯ ದಂಡೆಯ ಕೆಂಗೇರಿ: ರಸ್ತೆ, ರೇಷ್ಮೆ ಮತ್ತು ನಗರದ ನೀರು

ನದಿಯ ದಂಡೆಯ ಮೇಲಿನ ಸಣ್ಣ ಪಟ್ಟಣಗಳ ಆರ್ಥಿಕ ಚರಿತ್ರೆಯನ್ನು ಬರೆಯುವಾಗ ನದಿಯೇ ಊರನ್ನು ಸಾಕಿತೆಂದು ಮೊದಲೇ ಒಪ್ಪಿಕೊಂಡು ಮುಂದುವರಿಯುವುದು ವಾಡಿಕೆ. ಬೆಂಗಳೂರಿನ ನೈರುತ್ಯಕ್ಕೆ, ಮೈಸೂರು ರಸ್ತೆಯ ಮೇಲೆ, ವೃಷಭಾವತಿಯ ದಂಡೆಯಲ್ಲಿರುವ ಕೆಂಗೇರಿಯ ವಿಷಯದಲ್ಲಿ ಈ ವಾಡಿಕೆ ಹೆಚ್ಚು ದೂರ ನಡೆಯುವುದಿಲ್ಲ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಜನ ನಂಬುವ ಈ ಹೊಳೆ, ನಗರದ ಪಶ್ಚಿಮದ ಇಳಿಜಾರುಗಳ ಮಳೆನೀರನ್ನು ಕೂಡಿಸಿಕೊಂಡು ಗಾಳಿ ಆಂಜನೇಯ ಗುಡಿಯ ಮಗ್ಗುಲಲ್ಲಿ ಹರಿದು, ಕೆಂಗೇರಿಯನ್ನು ದಾಟಿ, ಬಿಡದಿಯ ಬಳಿಯ ಬೈರಮಂಗಲ ಕೆರೆಯನ್ನು ತುಂಬಿಸಿ, ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಮಾತ್ರ ಮೈತುಂಬಿ ಹರಿಯುತ್ತಿದ್ದ ಇಂಥ ಹಳ್ಳ ಒಂದು ಪಟ್ಟಣದ ಕಸುಬನ್ನು ಹೊರುವಷ್ಟು ಬಲವುಳ್ಳದ್ದಾಗಿರಲಿಲ್ಲ. ಸುತ್ತಲಿನ ಬೇಸಾಯ ನಿಂತಿದ್ದುದು ಕೆರೆಗಳ ಮೇಲೆ, ಪಟ್ಟಣ ನಿಂತಿದ್ದುದು ರಸ್ತೆಯ ಮೇಲೆ.

ಆ ರಸ್ತೆ ಬೆಂಗಳೂರನ್ನು ಶ್ರೀರಂಗಪಟ್ಟಣಕ್ಕೂ ಮೈಸೂರಿಗೂ ಕೂಡಿಸುತ್ತಿದ್ದ ರಾಜಮಾರ್ಗ. ಎತ್ತಿನ ಗಾಡಿಗಳ ಕಾಲದಲ್ಲಿ ಬೆಂಗಳೂರಿನ ಪೇಟೆಯಿಂದ ಹೊರಟವರಿಗೆ ಕೆಂಗೇರಿ, ಬಿಡದಿ, ರಾಮಗಿರಿ, ಚನ್ನಪಟ್ಟಣ, ಮದ್ದೂರು ಇವೆಲ್ಲ ಒಂದರ ಹಿಂದೊಂದು ಎದುರಾಗುವ ತಂಗುದಾಣಗಳಾಗಿದ್ದವು. ದಾರಿಯಿಂದ ಬಂದ ಲಾಭಕ್ಕೆ ದಾರಿಯಿಂದಲೇ ಬಂದ ಕಷ್ಟವೂ ಜೊತೆಯಾಗಿತ್ತು: 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಕಾರ್ನ್‌ವಾಲಿಸನ ವಶವಾದ ಮೇಲೆ, ಶತ್ರುವಿನ ದನಗಳಿಗೆ ಮೇವೂ ಸೈನಿಕರಿಗೆ ಧಾನ್ಯವೂ ಸಿಗಬಾರದೆಂದು ಟಿಪ್ಪು ಸುಲ್ತಾನ ಈ ನೇರ ಮಾರ್ಗದ ಸೀಮೆಯನ್ನು ಬರಿದು ಮಾಡಿಸಿದ್ದರಿಂದ, ಇಂಗ್ಲಿಷ್ ಸೈನ್ಯ ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ಬಳಸುದಾರಿಯನ್ನು ಹಿಡಿಯಬೇಕಾಯಿತು. ಮುಂದೆ 1876ರಿಂದ 1878ರವರೆಗಿನ ಮಹಾ ಕ್ಷಾಮದ ಹೊತ್ತಿನಲ್ಲಿ ಪರಿಹಾರ ಕಾಮಗಾರಿಯಾಗಿ ಆರಂಭವಾದ ಮೀಟರ್ ಗೇಜ್ ರೈಲುದಾರಿ 1881ರಲ್ಲಿ ಚನ್ನಪಟ್ಟಣವನ್ನೂ 1882ರಲ್ಲಿ ಮೈಸೂರನ್ನೂ ತಲುಪಿದಾಗ ಕೆಂಗೇರಿಗೆ ಒಂದು ನಿಲ್ದಾಣ ದೊರೆಯಿತು. ಆದರೆ ಒಂದೇ ದಿನದಲ್ಲಿ ಮೈಸೂರು ಮುಟ್ಟಿಸುವ ರೈಲು, ನಡುವಿನ ಊರುಗಳಲ್ಲಿ ರಾತ್ರಿ ತಂಗುವ ಅಗತ್ಯವನ್ನೇ ತೆಗೆದುಹಾಕಿತೆಂಬುದನ್ನು ಈ ಲಾಭದ ಲೆಕ್ಕದಲ್ಲಿ ಕಳೆಯಲೇಬೇಕು.

ರೇಷ್ಮೆಯೂ ಇದೇ ದಾರಿಯ ಉದ್ದಕ್ಕೆ ಹಬ್ಬಿದ ಕಸುಬು. ಬಂಗಾಳಕ್ಕೆ ಹೋಗಿ ರೇಷ್ಮೆ ಹುಳುಗಳೊಡನೆ ಮರಳುತ್ತಿರುವವರನ್ನು ಕುರಿತು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಟಿಪ್ಪು 1786ರಲ್ಲಿ ಬರೆಸಿದ ಪತ್ರ ಉಳಿದುಬಂದಿದ್ದು, ರಾಜ್ಯದ ಹಲವೆಡೆ ಹುಳು ಸಾಕಣೆಯನ್ನು ನೆಲೆಗೊಳಿಸುವ ಉದ್ದೇಶ ಅದರಲ್ಲಿ ಸ್ಪಷ್ಟವಾಗಿದೆ. ರಾಜ್ಯ ಅಳಿದರೂ ಕಸುಬು ಅಳಿಯಲಿಲ್ಲ. ಹಿಪ್ಪುನೇರಳೆ ತೋಟ, ಹುಳುಮನೆ, ಬಿದಿರಿನ ಚಂದ್ರಂಕಿ (ಹಣ್ಣಾದ ಹುಳು ಗೂಡು ಕಟ್ಟಲೆಂದು ಸುರುಳಿಯಾಗಿ ಹೆಣೆದ ತಟ್ಟೆ), ನೂಲು ಬಿಚ್ಚುವ ಚರಕ ಇವೆಲ್ಲ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಮನೆಮನೆಗಳ ಸಾಮಾನುಗಳಾಗಿದ್ದವು. ವರ್ಷಕ್ಕೆ ಹಲವು ಬೆಳೆ ಕೊಡುವ ಮೈಸೂರು ತಳಿ ಇಲ್ಲಿನ ಬಿಸಿಲಿಗೆ ಒಗ್ಗಿತ್ತು, ಆದರೆ ಅದರ ಗೂಡು ಚಿಕ್ಕದು, ನೂಲು ಗಿಡ್ಡ. ಶತಮಾನದ ನಡುವೆ ಹುಳುಗಳ ಸಾವು ಹೆಚ್ಚಿ ಬೆಳೆ ಕೈಕೊಡತೊಡಗಿತು.

ಇಲ್ಲಿಂದ ಕೆಂಗೇರಿಯ ಕಥೆ ಇಟಲಿಯ ಕಥೆಯೊಡನೆ ಹೆಣೆದುಕೊಳ್ಳುತ್ತದೆ. 1850ರ ದಶಕದಿಂದ ಫ್ರಾನ್ಸ್ ಮತ್ತು ಇಟಲಿಗಳ ರೇಷ್ಮೆಯನ್ನು ಗಂಟುರೋಗ, ಅಂದರೆ ತಾಯಿ ಚಿಟ್ಟೆಯಿಂದ ಮೊಟ್ಟೆಗೂ ದಾಟುವ ಸೋಂಕು, ನೆಲಕಚ್ಚಿಸಿತ್ತು. ಲೂಯಿ ಪ್ಯಾಸ್ಚರ್ 1865ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಇದರ ಸಂಶೋಧನೆಯನ್ನು ಕೈಗೆತ್ತಿಕೊಂಡನು. ಅವನು ಪರಿಹಾರ ಕಂಡುಹಿಡಿಯುವವರೆಗೆ ಕಾಯಲಾಗದ ಇಟಲಿಯ ವ್ಯಾಪಾರಿಗಳು ರೋಗವಿಲ್ಲದ ಮೊಟ್ಟೆಗಾಗಿ ಜಪಾನಿನವರೆಗೂ ಹೋಗಿ, ಕಾಗದದ ಹಾಳೆಗಳ ಮೇಲೆ ಇಡಿಸಿದ ಮೊಟ್ಟೆಗಳನ್ನು ಕೊಂಡು ತರುತ್ತಿದ್ದರು. ಸಿನ್ಯೋರ್ ದೆ ವೆಕ್ಕಿ ಎಂಬ ಇಟಲಿಯವನು 1866ರಲ್ಲಿ ಮೈಸೂರಿನ ರೇಷ್ಮೆಯನ್ನು ಎತ್ತಿ ನಿಲ್ಲಿಸಲು ಮುಂದಾಗಿ, ಜಪಾನಿನ ಮೊಟ್ಟೆಗಳನ್ನು ಇಲ್ಲಿಗೂ ತರಿಸಿದ್ದನ್ನು ಮತ್ತು ಕೆಂಗೇರಿಯಲ್ಲಿ ನೂಲು ಬಿಚ್ಚುವ ಕಾರ್ಖಾನೆ, ಅಂದರೆ ಫಿಲೇಚರ್, ತೆರೆದದ್ದನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕಾಗುತ್ತದೆ. ಚರಕದಲ್ಲಿ ಗೂಡು ಬೇಯಿಸುವ ನೀರಿನ ಕಾವು ಒಲೆಯ ಉರಿಯಂತೆ ಏರಿಳಿಯುವುದರಿಂದ ಎಳೆ ದಪ್ಪ ಸಣ್ಣವಾಗುತ್ತದೆ. ಫಿಲೇಚರಿನಲ್ಲಿ ಕಾವನ್ನೂ ಒಂದು ನೂಲಿಗೆ ಸೇರುವ ಗೂಡುಗಳ ಸಂಖ್ಯೆಯನ್ನೂ ಹದ್ದಿನಲ್ಲಿಟ್ಟು ಸಮನಾದ ನೂಲನ್ನು ಪಡೆಯಲಾಗುತ್ತದೆ, ಯುರೋಪಿನ ಮಗ್ಗಗಳು ಬೇಡುತ್ತಿದ್ದುದೂ ಇಂಥದನ್ನೇ.

ಕಾರ್ಖಾನೆಗೆ ಕೆಂಗೇರಿಯೇ ಏಕೆ ಎಂಬ ಪ್ರಶ್ನೆಗೆ ಹೊಳೆಯನ್ನು ತೋರಿಸಿ ಸುಮ್ಮನಾಗುವಂತಿಲ್ಲ. ಇಟಲಿಯ ಬೊಲೋನ್ಯಾ ನಗರ ರೇನೋ ನದಿಯ ನೀರನ್ನು ಕಾಲುವೆಗಳಲ್ಲಿ ಊರೊಳಗೆ ತಂದು, ಆ ಹರಿವಿನಿಂದ ತಿರುಗುವ ಚಕ್ರಗಳಿಂದ ರೇಷ್ಮೆ ನೂಲನ್ನು ಹುರಿಗೊಳಿಸುವ ಗಿರಣಿಗಳನ್ನು ಶತಮಾನಗಳ ಕಾಲ ನಡೆಸಿತ್ತು. ಅಲ್ಲಿ ನದಿಯೆಂದರೆ ಶಕ್ತಿ. ವರ್ಷದ ಬಹುಭಾಗ ಸೊರಗಿರುತ್ತಿದ್ದ ವೃಷಭಾವತಿಗೆ ಚಕ್ರ ತಿರುಗಿಸುವ ಬಲವೂ ಇರಲಿಲ್ಲ, ನೂಲು ಬಿಚ್ಚಾಣಿಕೆಗೆ ಅದರ ಅಗತ್ಯವೂ ಇರಲಿಲ್ಲ. ಬೇಕಿದ್ದುದು ಗೂಡು ಬೇಯಿಸಲು ಒಂದಿಷ್ಟು ತಿಳಿನೀರು, ಸೌದೆ, ಕೈಗಳು, ಹೆಚ್ಚಾಗಿ ಹತ್ತಿರದಲ್ಲೇ ಸಿಗುವ ಗೂಡು. ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿಗಳ ಗೂಡು ಬೆಂಗಳೂರಿನತ್ತ ಬರುವ ದಿಕ್ಕಿನಲ್ಲಿ, ಪೇಟೆಗೆ ಸಮೀಪವಾಗಿ, ಕೆಂಗೇರಿ ಇತ್ತು. ದೆ ವೆಕ್ಕಿ ಆರಿಸಿಕೊಂಡದ್ದು ದಾರಿಯನ್ನು ಎಂದು ತೀರ್ಮಾನಿಸುವುದೇ ಹೆಚ್ಚು ಯುಕ್ತ. ಅವನ ಯತ್ನ ಊರಿಗೆ ಸ್ಥಿರವಾದ ಉದ್ಯಮವನ್ನು ಕೊಡಲಿಲ್ಲ. ಯಂತ್ರವನ್ನು ಸುಧಾರಿಸಬಹುದಾಗಿತ್ತು, ಆದರೆ ರೋಗವಿಲ್ಲದ ಮೊಟ್ಟೆಯನ್ನು ಪ್ರತಿ ಬೆಳೆಗೂ ಒದಗಿಸುವ ಸಂಸ್ಥೆ ಇಲ್ಲದಿದ್ದ ಕಡೆ ಯಂತ್ರಕ್ಕೆ ಹಾಕಲು ಗೂಡೇ ಇರುವುದಿಲ್ಲ.

ಆ ಸಂಸ್ಥೆ ಬಂದದ್ದು ಅರ್ಧ ಶತಮಾನದ ಬಳಿಕ, ಬೇರೆ ಊರಿಗೆ. ಮೈಸೂರು ಸರ್ಕಾರ ಕರೆಸಿಕೊಂಡ ವಾಷಿಂಗ್ಟನ್ ಮಾರಿ ಎಂಬ ಮತ್ತೊಬ್ಬ ಇಟಲಿಯ ತಜ್ಞನ ಮಾರ್ಗದರ್ಶನದಲ್ಲಿ 1914ರ ಸುಮಾರಿಗೆ ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರ ನೆಲೆಗೊಂಡು, ಮಿಶ್ರತಳಿಗಳ ಪ್ರಯೋಗ ನಡೆಯಿತು. ಗೂಡಿನ ವ್ಯಾಪಾರ ಕ್ರಮೇಣ ರಾಮನಗರದಲ್ಲಿ ಕೇಂದ್ರೀಕೃತವಾಯಿತು. ಕೆಂಗೇರಿ ಒಂದು ಹೋಬಳಿಯ ಮುಖ್ಯಸ್ಥಳವಾಗಿ ಉಳಿಯಿತು.

ಈ ನಡುವೆ ಹೊಳೆ ತನ್ನ ಸ್ವಭಾವವನ್ನೇ ಬದಲಿಸಿತ್ತು. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಅರ್ಕಾವತಿಯ ನೀರು ಬಂದಿತು; 1974ರಲ್ಲಿ ತೊರೆಕಾಡನಹಳ್ಳಿಯ ಮೂಲಕ ಕಾವೇರಿಯೇ ಬಂದಳು. ಹಾಗೆ ಬಂದ ನೀರಿನಲ್ಲಿ ದೊಡ್ಡ ಪಾಲು ಬಳಕೆಯಾದ ಮೇಲೆ ಚರಂಡಿಗಿಳಿಯುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಬಚ್ಚಲ ನೀರಿಗೆ ಪೀಣ್ಯದ ಕಡೆಯ ಕೈಗಾರಿಕೆಗಳ ತ್ಯಾಜ್ಯವೂ ಸೇರಿ ಇಳಿಜಾರಿನಲ್ಲಿ ವೃಷಭಾವತಿಗೇ ಹರಿಯಿತು. ಹೀಗೆ ಮಳೆಯ ಹಳ್ಳ ವರ್ಷವಿಡೀ ಬತ್ತದ ಹೊಳೆಯಾಯಿತು. ಪಟ್ಟಣದ ಕಸುಬಿಗೆ ತಿಳಿನೀರು ಬೇಕಿದ್ದಾಗ ಬೇಸಗೆಯಲ್ಲಿ ಒಣಗುತ್ತಿದ್ದ ಹೊಳೆ, ತುಂಬಿ ಹರಿಯತೊಡಗಿದಾಗ ಮುಟ್ಟಲಾಗದಂತಾಗಿತ್ತು.

ಕೆಂಗೇರಿಯ ಮುಂದಿನ ಬೆಳವಣಿಗೆ ಹೊಳೆಗೆ ಬೆನ್ನುಹಾಕಿಯೇ ನಡೆಯಿತು. ಪಕ್ಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಎದ್ದಿತು, ಉಪನಗರದ ನಿವೇಶನಗಳು ಹಂಚಿಕೆಯಾದವು, ತೋಟದ ಭೂಮಿ ಬಡಾವಣೆಯಾಯಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆಗಳೊಡನೆ ವಿಲೀನವಾದ ಏಕೈಕ ಪುರಸಭೆ ಕೆಂಗೇರಿಯದು. ಸಂಖ್ಯೆಯ ದೃಷ್ಟಿಯಿಂದ ಸಣ್ಣ ಸಂಗತಿಯಾದರೂ, ತನ್ನ ತೆರಿಗೆಯನ್ನು ತಾನೇ ನಿರ್ಧರಿಸುತ್ತಿದ್ದ ಪಟ್ಟಣವೊಂದು ಅಂದಿಗೆ ಮುಗಿಯಿತು. 2021ರ ಆಗಸ್ಟಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಇಲ್ಲಿಗೆ ಬಂದು, ಹಳೆಯ ರಾಜಮಾರ್ಗದ ಗೆರೆಯನ್ನೇ ಮತ್ತೊಮ್ಮೆ ಅನುಸರಿಸಿತು.

ವೃಷಭಾವತಿಯನ್ನು ನಂಬಿದ ಆರ್ಥಿಕತೆಯನ್ನು ಇಂದು ಹುಡುಕಬೇಕಾದರೆ ಕೆಂಗೇರಿಯಿಂದ ಕೆಳಕ್ಕೆ ಇಳಿಯಬೇಕು. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಬೈರಮಂಗಲ ಕೆರೆಯ ಅಚ್ಚುಕಟ್ಟಿನಲ್ಲಿ, ನಗರದ ಕೊಳಚೆ ತುಂಬಿದ ನೀರಿಗೆ ಭತ್ತ ಒಗ್ಗದೆ ಹೋದಾಗ, ರೈತರು ಸೀಮೆಹುಲ್ಲು, ಬೇಬಿ ಕಾರ್ನ್ ಮತ್ತು ಹಿಪ್ಪುನೇರಳೆಗಳಿಗೆ ತಿರುಗಿದರು. ಹುಲ್ಲು ತಿಂದ ಹಸುಗಳ ಹಾಲು ಬೆಂಗಳೂರಿಗೆ ಹೋಗುತ್ತದೆ, ಸೊಪ್ಪು ತಿಂದ ಹುಳುಗಳ ಗೂಡು ರಾಮನಗರದ ಮಾರುಕಟ್ಟೆಗೆ.